ಹೊಸ್ತಿಲಲ್ಲಿ ಬಿಟ್ಟ ಚಪ್ಪಲಿ

ನನ್ನ ತಂಗಿ ಮನೆಗೆ ಬಂದವರ ಮುಖ ನೋಡುವ ಮೊದಲು ಕಾಲು ನೋಡುತ್ತಿದ್ದಳು. ಬಂದವರು ಚಪ್ಪಲಿ ಎಲ್ಲಿ ಬಿಟ್ಟರು ಎಂದು ಕಣ್ಣಲ್ಲೇ ಗುರುತು ಹಾಕಿಕೊಂಡು ಆಮೇಲೆ "ಬರ್ರಿ, ಕುಂದರ್ರಿ" ಅನ್ನುತ್ತಿದ್ದಳು. ಗೊತ್ತಿಲ್ಲದವರು ಅದನ್ನು ನಾಚಿಕೆ ಎಂದುಕೊಳ್ಳುತ್ತಿದ್ದರು. ಅವಳ ಗಂಡನ ಮನೆಯವರು ಅದಕ್ಕೆ ಬೇರೆ ಹೆಸರುಗಳನ್ನು ಇಟ್ಟರು. ಈ ಚಾಳಿ ಅವಳಿಗೆ ಅಂಟಿದ್ದು ಮೂರು ವರ್ಷದವಳಿದ್ದಾಗ. ಅಂಟಿಸಿದವನು ನಾನು.

ನಾನು ಬೈಲಹೊಂಗಲದಲ್ಲಿ ಗೌಂಡಿ ಕೆಲಸ ಮಾಡುತ್ತೇನೆ, ಮನೆ ಕಟ್ಟುತ್ತೇನೆ. ಏಳನೆಯ ಇಯತ್ತೆಗೆ ಸಾಲೆ ಬಿಟ್ಟವನು. ಬರೆದು ರೂಢಿಯಿಲ್ಲ. ಆದರೆ ಈ ಮಾತನ್ನು ಬಾಯಿಂದ ಹೇಳಲು ಹೋದಾಗಲೆಲ್ಲ ನನ್ನ ಕಡೆಗೆ ಸ್ವಲ್ಪ ವಾಲಿಸಿ ಹೇಳುತ್ತೇನೆ. ಕೇಳಿದವರು "ಹೋಗ್ಲಿ ಬಿಡು, ಆಗಿನ ಕಾಲ ಹಂಗಿತ್ತು" ಅನ್ನುತ್ತಾರೆ. ಹಾಗೆ ಅನ್ನಿಸಿಕೊಳ್ಳುವುದಕ್ಕೇ ಹೇಳುತ್ತಿದ್ದೇನೆ ಎಂದು ಒಂದು ದಿನ ನನಗೇ ಗೊತ್ತಾಯಿತು. ಬರೆದರೆ ಹಾಗೆ ಅನ್ನುವವರು ಎದುರಿಗೆ ಇರುವುದಿಲ್ಲ.

ನಮ್ಮ ಮೂಲ ಊರು ದೊಡವಾಡ. ನನಗೆ ಒಂಬತ್ತು ವರ್ಷ, ತಂಗಿಗೆ ಎರಡು ತುಂಬಿ ಸ್ವಲ್ಪ ದಿನವಾಗಿತ್ತು, ಅವ್ವ ಮತ್ತೆ ಬಸುರಿಯಾದಳು. ಆ ಸಲ ಅವಳ ಮೈ ಸರಿಯಿರಲಿಲ್ಲ. ಕಾಲು ಬಾತುಕೊಂಡು ಹೊರಸಿನ ಮೇಲೆ ಮಲಗಿರುತ್ತಿದ್ದಳು. ತಂಗಿಯನ್ನು ನೋಡಿಕೊಳ್ಳುವುದು ನನ್ನ ಪಾಲಿಗೆ ಬಂತು. ಬಗಲಲ್ಲಿ ಎತ್ತಿಕೊಂಡೇ ಗೋಲಿ ಆಡುತ್ತಿದ್ದೆ. ಇಳಿಸಿದರೆ ಅವಳು ಅಳುತ್ತಿದ್ದಳು, ಇಳಿಸದಿದ್ದರೆ ನಾನು ಸೋಲುತ್ತಿದ್ದೆ. ರಾತ್ರಿ ನನ್ನ ಅಂಗಿಯ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಲ್ಲದೆ ಮಲಗುತ್ತಿರಲಿಲ್ಲ. ಬೆಳಗ್ಗೆ ಏಳಬೇಕೆಂದರೆ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಗುತ್ತಿತ್ತು.

ಅಜ್ಜಿ, ಅಂದರೆ ಅವ್ವನ ಅವ್ವ, ಮುನವಳ್ಳಿಯಿಂದ ಬಂದಳು. ಮನೆಯ ಸ್ಥಿತಿ ನೋಡಿ, "ಬಾಣಂತನ ಮುಗಿಯೂ ತನಕ ಈ ಕೂಸು ನನ್ನ ಕಡೆ ಇರಲಿ" ಅಂದಳು. ನಮ್ಮ ಕಡೆ ಇದೇನು ಹೊಸದಲ್ಲ. ಮೇಲಿಂದ ಮೇಲೆ ಹೆರಿಗೆಯಾದರೆ ದೊಡ್ಡ ಕೂಸು ಅಜ್ಜಿಯ ಮನೆಗೆ ಹೋಗುತ್ತದೆ, ಕೆಲವು ಸಲ ಅಲ್ಲಿಯೇ ಬೆಳೆದು ದೊಡ್ಡದಾಗುತ್ತದೆ. ಯಾರೂ ಅದನ್ನು ಕೊಟ್ಟದ್ದು ಅನ್ನುವುದಿಲ್ಲ. ಇಟ್ಟದ್ದು ಅನ್ನುತ್ತಾರೆ.

ಹುಟ್ಟಿದ ಗಂಡು ಕೂಸು ಕೆಲವು ವಾರ ಉಳಿದು ಹೋಯಿತು. ಅವ್ವ ಎದ್ದು ಓಡಾಡುವಂತಾದಳು, ಹೊಲಕ್ಕೆ ಹೋಗತೊಡಗಿದಳು. ತಂಗಿಯನ್ನು ಮಾತ್ರ ಕರೆತರಲಿಲ್ಲ. ಅಪ್ಪ, "ಅಲ್ಲೇ ರೂಢಿ ಆಗೇತಿ, ಈಗ ಯಾಕ ಎಬ್ಬಸೂದು" ಅಂದ. ಅಜ್ಜಿ ಒಂಟಿ ಹೆಂಗಸು, ಕೂಸು ಅವಳಿಗೆ ಆಸರೆಯಾಗಿತ್ತು. ಎಲ್ಲರಿಗೂ ಅದು ಅನುಕೂಲವಾಯಿತು. ಮನೆಯಲ್ಲಿ ನಾನೊಬ್ಬನೇ ಮಗ ಉಳಿದೆ. ರೊಟ್ಟಿಯ ಮೇಲಿನ ಬೆಣ್ಣೆ ಪೂರಾ ನನಗೆ ಬರತೊಡಗಿತು. ತಂಗಿ ಯಾವಾಗ ಬರುತ್ತಾಳೆ ಎಂದು ನಾನು ಯಾರನ್ನೂ ಕೇಳಿದ ನೆನಪಿಲ್ಲ.

ತಿಂಗಳಿಗೊಮ್ಮೆ ಅವ್ವ ನನ್ನನ್ನು ಕರೆದುಕೊಂಡು ಮುನವಳ್ಳಿಗೆ ಹೋಗುತ್ತಿದ್ದಳು. ಬೈಲಹೊಂಗಲಕ್ಕೆ ಬಂದು, ಅಲ್ಲಿಂದ ಸವದತ್ತಿ ಬಸ್ಸು ಹಿಡಿದು, ಸವದತ್ತಿಯಲ್ಲಿ ಇಳಿದು ಮತ್ತೊಂದು ಬಸ್ಸು. ಸವದತ್ತಿ ಸ್ಟ್ಯಾಂಡಿನಲ್ಲಿ ಅವ್ವ ಚುರಮರಿ ಕೊಡಿಸುತ್ತಿದ್ದಳು, ಅರ್ಧ ನನಗೆ, ಅರ್ಧ ಪೊಟ್ಟಣ ಕಟ್ಟಿ ತಂಗಿಗೆ. ಅಜ್ಜಿಯ ಓಣಿ ತಿರುಗುವುದರೊಳಗೆ ತಂಗಿ ಓಡಿ ಬರುತ್ತಿದ್ದಳು. ಅವ್ವನ ಕಡೆಗಲ್ಲ, ನನ್ನ ಕಡೆಗೆ. ಬಂದು ಅಂಗಿಯ ತುದಿ ಹಿಡಿದರೆ ಹಿಡಿದಳು. ಅವ್ವ ಚುರಮರಿ ತೋರಿಸಿ ಕರೆದರೂ ಹೋಗುತ್ತಿರಲಿಲ್ಲ. ಅವ್ವನಿಗೆ ಅದರಿಂದ ನೋವಾಗುತ್ತಿತ್ತು ಎಂದು ಈಗ ತಿಳಿಯುತ್ತದೆ. ಆಗ ನನಗೆ ಅದು ಗೆಲುವು.

ಮಧ್ಯಾಹ್ನದ ಊಟವಾದ ಮೇಲೆ ಮನೆಯ ಗಾಳಿ ಬದಲಾಗುತ್ತಿತ್ತು. ಅವ್ವ ಸೀರೆಯ ಸೆರಗು ಸರಿ ಮಾಡಿಕೊಳ್ಳುವಳು. ಅಜ್ಜಿ ಒಳಗೆ ಬುತ್ತಿ ಕಟ್ಟುವಳು. ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಸಣ್ಣ ಕೂಸಿಗೆ ಹೋಗುತ್ತೇವೆ ಎಂದು ಹೇಳಿ ಹೋಗುವ ಪದ್ಧತಿ ನಮ್ಮಲ್ಲಿ ಇಲ್ಲ. ಕೂಸು ಬೆನ್ನ ಹಿಂದೆ ಅತ್ತರೆ ಹಾದಿ ಛಲೋ ಆಗುವುದಿಲ್ಲ ಅನ್ನುತ್ತಾರೆ, ತಾಯಿಯ ಕರುಳು ತಡೆಯುವುದಿಲ್ಲ ಅನ್ನುತ್ತಾರೆ. ಹೀಗಾಗಿ ಒಬ್ಬರು ಕೂಸಿಗೆ ಕಾಗೆ ತೋರಿಸಬೇಕು, ಇನ್ನೊಬ್ಬರು ಅಷ್ಟರಲ್ಲಿ ಹೋಗಬೇಕು. ಇವತ್ತಿಗೂ ಯಾವ ಬಸ್‌ಸ್ಟ್ಯಾಂಡಿನಲ್ಲಿ ನಿಂತು ನೋಡಿದರೂ ಇದು ಕಾಣುತ್ತದೆ. ಯಾರೂ ತಪ್ಪು ಅನ್ನುವುದಿಲ್ಲ.

ತೋರಿಸುವ ಕೆಲಸ ನನ್ನದಾಗಿತ್ತು. ಹಿತ್ತಲಲ್ಲಿ ಅಜ್ಜಿಯ ಎಮ್ಮೆ ಕರು ಇತ್ತು. "ಬಾ, ಕರಾ ನೆಕ್ಕತೈತಿ, ಕೈ ಕೊಡು" ಎಂದು ಅವಳನ್ನು ಅಲ್ಲಿಗೆ ಒಯ್ಯುತ್ತಿದ್ದೆ. ಅವ್ವ ಅಷ್ಟರಲ್ಲಿ ಓಣಿ ದಾಟುತ್ತಿದ್ದಳು. ಆಮೇಲೆ ಅಜ್ಜಿ ಬಂದು ಕರುವಿನ ಹತ್ತಿರ ನಿಲ್ಲುವಳು, ನಾನು ನೀರು ಕುಡಿದು ಬರುವವನಂತೆ ಒಳಗೆ ಬಂದು ಓಡುತ್ತಿದ್ದೆ. ಒಂದೆರಡು ಸಲ ನಡೆಯಿತು. ಅದರ ಮುಂದಿನ ಸಲ ತಂಗಿ ಕರುವಿನ ಹತ್ತಿರ ಬರಲೊಲ್ಲೆ ಎಂದಳು. ಊಟವಾದದ್ದೇ ಹೋಗಿ ಹೊಸ್ತಿಲ ಮೇಲೆ ಕುಳಿತಳು. ನನ್ನ ರಬ್ಬರಿನ ಚಪ್ಪಲಿ ಒಂದನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು.

ಅಜ್ಜಿ ನಕ್ಕಳು. "ನೋಡು ನಿನ್ನ ಮಗಳ ಶಾಣ್ಯಾತನ. ಚಪ್ಲಿ ಇದ್ರ ಮನಿಶ್ಯಾ ಎಲ್ಲಿಗೂ ಹೋಗಂಗಿಲ್ಲ ಅಂತ ಗೊತ್ತಾಗೇತಿ."

"ಬಸ್ಸ ತಪ್ಪತೈತಿ, ನಗ್ತಿಯಲ್ಲ ನೀ" ಅಂದಳು ಅವ್ವ.

ಆಗ ನಾನು ಅವ್ವನ ಕಿವಿಯಲ್ಲಿ ಹೇಳಿದೆ. "ಚಪ್ಲಿ ಇಲ್ಲೇ ಬಿಟ್ಟ ಹಿತ್ತಲಾಗಿಂದ ಹೋಗೂಣು."

ಉಪಾಯ ನನ್ನದೇ. ಯಾರೂ ಹೇಳಿಕೊಟ್ಟದ್ದಲ್ಲ. ಅವ್ವ ತನ್ನ ಚಪ್ಪಲಿಯನ್ನೂ ಬಿಟ್ಟಳು. ಇಬ್ಬರೂ ಬರಿಗಾಲಲ್ಲಿ ಹಿತ್ತಲ ಬೇಲಿ ದಾಟಿ ಸ್ಟ್ಯಾಂಡಿಗೆ ಬಂದೆವು. ಬಸ್ಸಿನಲ್ಲಿ ಅವ್ವ ಸ್ವಲ್ಪ ಹೊತ್ತು ಕಣ್ಣೊರೆಸಿಕೊಂಡಳು. ಆಮೇಲೆ ನನ್ನ ಕಾಲು ನೋಡಿ, ತನ್ನ ಕಾಲು ನೋಡಿಕೊಂಡು ನಕ್ಕುಬಿಟ್ಟಳು. ಊರಿಗೆ ಬಂದು ಓಣಿಯಲ್ಲಿ ಎಲ್ಲರ ಮುಂದೆ ಹೇಳಿದಳು. "ನನ್ನ ಮಗನ ತಲಿ ಭಾಳ ಓಡತೈತಿ." ಸಾಲೆಯಲ್ಲಿ ನನ್ನನ್ನು ಯಾರೂ ಹಾಗೆ ಹೊಗಳಿರಲಿಲ್ಲ.

ಮುಂದಿನ ಸಲ ಹೋದಾಗ ನನ್ನ ಚಪ್ಪಲಿ ಹೊಸ್ತಿಲಲ್ಲಿ ಇರಲಿಲ್ಲ. ಅಜ್ಜಿ ದೂರು ಹೇಳಿದಳು. "ಹಾಸಿಗ್ಯಾಗ ಇಟ್ಕೊಂಡು ಮಲಗತಾಳೋ ಯಪ್ಪಾ. ಮೈಲಿಗಿ ಅಂದ್ರ ಕೇಳೂದಿಲ್ಲ. ಕಸಗೊಂಡ್ರ ಊರು ಕೂಡೂ ಹಂಗ ಒದರತಾಳ. ಕಡೀಕ ನಾನ ತೊಳದು ಕೊಟ್ಟೆ." ತಂಗಿ ಒಳಗಿನಿಂದ ಎರಡೂ ಚಪ್ಪಲಿ ತಂದು ನನ್ನ ಕಾಲ ಮುಂದೆ ಇಟ್ಟಳು. ಕಳೆದುಕೊಂಡವನಿಗೆ ಹುಡುಕಿಕೊಟ್ಟಂತೆ ನನ್ನ ಮುಖ ನೋಡಿದಳು. ನಾನು ಹೋದದ್ದಕ್ಕೆ ಸಿಟ್ಟು ಇರಲಿಲ್ಲ ಅವಳಿಗೆ. ಅಣ್ಣ ಬರಿಗಾಲಲ್ಲಿ ಎಲ್ಲೋ ಹಾದಿ ತಪ್ಪಿದ್ದ, ಈಗ ಬಂದ ಎಂದುಕೊಂಡಿದ್ದಳೋ ಏನೋ.

ಆ ದಿನವೂ ನಾನು ಅದೇ ಮಾಡಿದೆ. ಅವಳು ಮತ್ತೆ ನಂಬಿದಳು. ಮಾಡಿದವನು ನಾನಾದ್ದರಿಂದ ನಂಬಿದಳು.

ಅಜ್ಜಿ ತೀರಿಕೊಂಡಾಗ ತಂಗಿಗೆ ಹತ್ತು ವರ್ಷ. ದೊಡವಾಡಕ್ಕೆ ಬಂದಳು. ಸ್ವಂತ ಮನೆಯಲ್ಲಿ ನೀರು ಕುಡಿಯುವುದಕ್ಕೂ ಕೇಳುತ್ತಿದ್ದಳು. ಅವ್ವನನ್ನು ಅವ್ವ ಅನ್ನುತ್ತಿದ್ದಳು, ಆದರೆ ಮಗ್ಗುಲ ಮನೆಯ ಹೆಂಗಸನ್ನೂ ಅದೇ ದನಿಯಲ್ಲಿ ಅವ್ವ ಅನ್ನುತ್ತಿದ್ದಳು. ಜಗಳ, ಹಟ, ರಂಪ ಯಾವುದೂ ಇರಲಿಲ್ಲ. ಒಂದೇ ಚಾಳಿ. ಯಾರಾದರೂ ಹೊರಡುವ ಲಕ್ಷಣ ಕಂಡರೆ ಚಪ್ಪಲಿ ಮಾಯ. ಒಂದು ಸಲ ಜೋಳದ ಚೀಲದ ಹಿಂದೆ, ಒಂದು ಸಲ ಕಾಳು ತುಂಬುವ ಹಗೆಯ ಕಲ್ಲಿನ ಕೆಳಗೆ. ಅಪ್ಪ ಹೊಲಕ್ಕೆ ಹೊರಟು ಅಂಗಳದಲ್ಲಿ ನಿಂತು, "ಯವ್ವಾ, ದಯಮಾಡಿ ನನ್ನ ಮೆಟ್ಟು ಕೊಡು, ಸಂಜಿಗೆ ಖಂಡಿತಾ ಬರತೇನಿ" ಎಂದು ಕೈಮುಗಿಯುತ್ತಿದ್ದ. ನಾವೆಲ್ಲ ನಗುತ್ತಿದ್ದೆವು. ಅವಳೂ ನಗುತ್ತಿದ್ದಳು. ಮನೆಯಲ್ಲಿ ನಾವು ಒಟ್ಟಾಗಿ ನಕ್ಕದ್ದು ಹೆಚ್ಚಾಗಿ ಅದಕ್ಕೇ.

ನಾನು ಗೌಂಡಿ ಕೆಲಸ ಕಲಿಯಲು ಬೈಲಹೊಂಗಲಕ್ಕೆ ಹೋಗತೊಡಗಿದ ಮೇಲೆ ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದೆ. ಸೋಮವಾರ ಅವಳು ಏಳುವ ಮೊದಲೇ ಹೊರಟುಬಿಡುತ್ತಿದ್ದೆ, ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು. ಒಂದು ದಿನ ಅವಳು ಎಚ್ಚರವಿದ್ದಳು. ಕದದ ಹತ್ತಿರ ಕುಳಿತಿದ್ದಳು.

"ಅಣ್ಣಾ, ಹೋಗೂದಾದ್ರ ಹೋಗತೇನಿ ಅಂತ ಹೇಳಿ ಹೋಗು. ನಾ ಅಳೂದಿಲ್ಲ."

"ಹಂಗ ಅನಬಾರದು. ಬರತೇನಿ ಅನಬೇಕು" ಅಂದೆ.

"ಬರತೇನಿ ಅಂತ ಎಲ್ಲಾರೂ ಅಂತಾರ" ಅಂದಳು.

ನಾನು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೇ ಹೊರಟೆ. ಅಷ್ಟೇ ಕೇಳಿದ್ದಳು ಅವಳು, ಜೀವಮಾನದಲ್ಲಿ ನನ್ನ ಹತ್ತಿರ. ಎದುರಿಗೆ ನಿಂತು ಹೇಳಿ ಹೋಗು ಎಂದು.

ಇಲ್ಲಿ ನನ್ನ ಬಗ್ಗೆಯೂ ಸ್ವಲ್ಪ ಹೇಳಬೇಕು. ಆ ಹಿತ್ತಲ ಬಾಗಿಲು ಅವಳನ್ನು ಒಂದು ರೀತಿ ಮಾಡಿತು, ನನ್ನನ್ನು ಇನ್ನೊಂದು ರೀತಿ ಮಾಡಿತು. ನಾನು ಎಲ್ಲಿಂದಲೂ ಹೇಳಿ ಹೊರಟವನಲ್ಲ. ಮಾಲಕರ ಜೊತೆ ಮಾತು ಬಿಗಿಯಾಯಿತು ಅಂದರೆ ಕರಣಿ, ತೂಗುಗುಂಡು ಅಲ್ಲಿಯೇ ಬಿಟ್ಟು ಸೈಕಲ್ ಹತ್ತುತ್ತೇನೆ. ಮದುವೆ ಮನೆಯಲ್ಲಿ ಯಾರೋ ಅಳುತ್ತಾರೆ ಅಂದರೆ ಆ ಹೊತ್ತಿಗೆ ನಾನು ಬೀಡಾ ಅಂಗಡಿಯಲ್ಲಿ. ಅಪ್ಪ, ಅವ್ವ ಇಬ್ಬರ ಕೊನೆಯ ಉಸಿರಿಗೂ ನಾನು ಔಷಧ ತರಲು ಹೋಗಿದ್ದೆ, ಎರಡು ಸಲವೂ ಔಷಧ ಮನೆಯಲ್ಲಿ ಇತ್ತು. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ಜಗಳ ಮಾಡುತ್ತಿದ್ದಳು. ಈಗ ಮಾಡುವುದಿಲ್ಲ. "ನೀವು ಹೊಗಿ ಇದ್ದಾಂಗ. ಯಾವ ಸಂದ್ಯಾಗಿಂದ ಹೊರಗ ಹೋದ್ರಿ ಅಂತ ಗೊತ್ತಾಗೂದಿಲ್ಲ. ಮನಿ ತುಂಬ ವಾಸನಿ ಅಷ್ಟ ಉಳೀತೈತಿ" ಅನ್ನುತ್ತಾಳೆ. ಯಾರಾದರೂ ನನಗಾಗಿ ಕಾಯುತ್ತಿದ್ದಾರೆ ಅಂದರೆ ನನಗೆ ಉಸಿರು ಕಟ್ಟುತ್ತದೆ. ಇದು ಅವಳ ಅಳುವಿನಿಂದ ಬಂದದ್ದೋ, ಅಥವಾ ಆ ಅಳು ಕೇಳಿಸದಷ್ಟು ದೂರ ಓಡಿದರೆ ಶಹಬ್ಬಾಸ್ ಅನ್ನುತ್ತಾರೆ ಎಂದು ಕಲಿತದ್ದರಿಂದ ಬಂದದ್ದೋ, ನನಗೆ ತಿಳಿಯದು.

ತಂಗಿಯನ್ನು ರಾಮದುರ್ಗಕ್ಕೆ ಕೊಟ್ಟೆವು. ಗಂಡ ಮಾಲು ಸಾಗಿಸುವ ಗಾಡಿ ಓಡಿಸುತ್ತಿದ್ದ. ಕರೆ ಬಂತೆಂದರೆ ಎದ್ದು ಹೋಗುವ ಉದ್ಯೋಗ. ಹುಡುಗ ಕೆಟ್ಟವನಲ್ಲ ಎಂದು ವಿಚಾರಿಸಿದ್ದೆವು. ಅವಳಿಗೆ ಎಂಥವನು ಬೇಕು ಎಂದು ವಿಚಾರಿಸಿರಲಿಲ್ಲ. ಊರು ಬಿಟ್ಟು ಕದಲದ ಒಬ್ಬ ಅಂಗಡಿಯವನು, ಒಬ್ಬ ಪೂಜಾರಿ, ಯಾರಾದರೂ ಸಿಗುತ್ತಿರಲಿಲ್ಲವೇ ಎಂದು ಈಗ ಅನ್ನಿಸುತ್ತದೆ.

ಮೊದಮೊದಲು ಗಂಡನಿಗೆ ಅವಳ ಚಾಳಿ ಮುದ್ದೆನಿಸಿತ್ತಂತೆ. ಚಪ್ಪಲಿ ಬಚ್ಚಿಡುವ ಹೆಂಡತಿ. ಗೆಳೆಯರ ಮುಂದೆ ಹೇಳಿಕೊಂಡು ನಗುತ್ತಿದ್ದ. ಆಮೇಲೆ ಹೊರಡುವುದು ತಡವಾಗಿ ಗಾಡಿಯ ಬಾಡಿಗೆ ತಪ್ಪತೊಡಗಿತು. ಎಲ್ಲಿಗೆ, ಯಾವಾಗ ಬರುತ್ತೀ, ಯಾರ ಜೊತೆ ಎಂಬ ಪ್ರಶ್ನೆಗಳು ಅವನಿಗೆ ಸಂಶಯದಂತೆ ಕೇಳಿಸಿದವು. ಅವಳಿಗೆ ಅವನ ಮೇಲೆ ಸಂಶಯ ಇರಲಿಲ್ಲ. ಹೋಗುತ್ತೇನೆ ಎಂದು ಹೇಳಿದರೆ ಸಾಕಿತ್ತು. ಅವನು ಹೇಳದೆ ಹೋಗುವುದನ್ನು ಕಲಿತ. ಒಮ್ಮೆ ಅವಳು ಗಾಡಿಯ ಹಿಂದೆ ಹಾದಿಯುದ್ದ ಓಡಿದಳು. ನೋಡಿದವರು ನಕ್ಕರು. ಮರ್ಯಾದೆ ಹೋಯಿತೆಂದು ಅವನು ಆಮೇಲೆ ಹೊರಡುವಾಗಲೆಲ್ಲ ಕೋಣೆಗೆ ಹೊರಗಿನಿಂದ ಚಿಲಕ ಹಾಕತೊಡಗಿದ. ಅವನು ಹೋಗಿ ಬಹಳ ಹೊತ್ತಿನ ಮೇಲೆ ಅತ್ತೆ ಬಂದು ತೆಗೆಯುತ್ತಿದ್ದಳು.

ಇದನ್ನು ತಂಗಿ ನನಗೆ ಹೇಳಿದ್ದು ಗಂಟು ಕಟ್ಟಿಕೊಂಡು ಬೈಲಹೊಂಗಲದ ನನ್ನ ಮನೆಗೆ ಬಂದ ದಿನ. ಕೆಲವು ವರ್ಷದ ಹಿಂದಿನ ಮಾತು. "ಅಲ್ಲಿ ನಾ ಇರಾಂಗಿಲ್ಲ ಅಣ್ಣಾ. ಚಿಲಕದ ಸಪ್ಪಳ ಆತಂದ್ರ ಎದಿ ನಿಂತಂಗ ಆಗತೈತಿ" ಅಂದಳು. ನಾನು "ಇರು, ನಿನ್ನದ ಮನಿ ಇದು" ಅಂದೆ. ಆ ಹೊತ್ತಿಗೆ ಮನಸಾರೆ ಅಂದೆ.

ಅವಳು ಇದ್ದಷ್ಟು ದಿನ ಮನೆಗೆಲಸ ಪೂರ್ತಿ ಅವಳೇ ಮಾಡಿದಳು. ನನ್ನ ಹೆಂಡತಿಯ ಜೊತೆ ಒಂದು ಮಾತು ಏರಿಸಿ ಆಡಲಿಲ್ಲ. ಆದರೆ ಮುಂಜಾನೆ ನಾನು ಕೆಲಸಕ್ಕೆ ಹೊರಡುವಾಗ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದಳು. ಸಂಜೆ ನಾನು ಬರುವ ಹೊತ್ತಿಗೆ ಕಟ್ಟೆಯ ಮೇಲೆ ಕುಳಿತಿರುತ್ತಿದ್ದಳು. ತಡವಾದರೆ ಓಣಿಯ ತಿರುವಿಗೆ ಬಂದಿರುತ್ತಿದ್ದಳು. ಪಕ್ಕದ ಮನೆಯವನು ಚೇಷ್ಟೆ ಮಾಡಿದ. "ಏನ್ ಗೌಂಡ್ಯಾರ, ನಿಮಗ ಇಬ್ಬರು ಹೆಂಡ್ರು ಇದ್ದಾಂಗ ಆತಲ್ಲ, ಒಬ್ಬಾಕಿ ಅಡಗಿಗೆ, ಒಬ್ಬಾಕಿ ಹಾದಿ ಕಾಯಾಕ." ಅವನಿಗೆ ನಾನು ಏನೂ ಅನ್ನಲಿಲ್ಲ. ತಂಗಿಗೆ ಅಂದೆ. "ಹೊರಗ ಕುಂದ್ರಬ್ಯಾಡ. ಮಂದಿ ನಗತಾರ."

ಅವಳು ಒಳಗೆ ಕುಳಿತು ಕಾಯತೊಡಗಿದಳು. ನನಗೆ ಅದೂ ಆಗಲಿಲ್ಲ.

ನನ್ನ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಗಂಡನನ್ನು ಬಿಟ್ಟು ಬಂದ ಸೋದರತ್ತೆ ಮನೆಯಲ್ಲಿದ್ದರೆ ಬೀಗರು ಏನಂದಾರು ಎಂದು ಹೆಂಡತಿ ಕೇಳಿದಳು. ನಾನು ಎಲ್ಲರಿಗೂ ಈ ಕಾರಣವನ್ನೇ ಹೇಳುತ್ತ ಬಂದಿದ್ದೇನೆ. ಸುಳ್ಳಲ್ಲ, ಆದರೆ ಅದು ಎರಡನೆಯ ಕಾರಣ. ಮೊದಲನೆಯದು, ಸಂಜೆ ಮನೆಗೆ ಬಂದಾಗ ಬಾಗಿಲಲ್ಲಿ ಆ ಎರಡು ಕಣ್ಣು ಕಾಣುವುದು ನನಗೆ ಬೇಡವಾಗಿತ್ತು. ಮೂರು ವರ್ಷದ ಕೂಸಿನ ಕಣ್ಣು ಅವು. ನಾನು ಬಂದದ್ದಕ್ಕೆ ಖುಷಿಪಡುತ್ತಿದ್ದವು, ಸಿಟ್ಟಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

"ನಡಿ, ನಾನೂ ಬರತೇನಿ. ಹಿರ್ಯಾರನ್ನ ಕುಂದರ್ಸಿ ಮಾತಾಡೂಣು. ನಾಕ ದಿನ ನಾನೂ ಅಲ್ಲೇ ಇರತೇನಿ, ಎಲ್ಲಾ ಸರಿ ಆದ ಮ್ಯಾಲ ಬರತೇನಿ" ಅಂದೆ.

ಅವಳು "ಹೇಳಿ ಹೋಗತಿ?" ಎಂದು ಕೇಳಿದಳು.

"ಹೇಳಿನ ಹೋಗತೇನಿ."

ರಾಮದುರ್ಗದ ಮನೆಯಲ್ಲಿ ನಮ್ಮನ್ನು ಚೆನ್ನಾಗಿಯೇ ಕರೆದರು. ಓಣಿಯ ಇಬ್ಬರು ಹಿರಿಯರು ಬಂದರು. ಗಂಡ ತಲೆ ತಗ್ಗಿಸಿ ಕುಳಿತಿದ್ದ. ಚಿಲಕ ಹಾಕುವುದಿಲ್ಲ ಎಂದು ಒಪ್ಪಿದ. ಅವಳೂ ಗಾಡಿಯ ಹಿಂದೆ ಓಡುವುದಿಲ್ಲ ಎಂದು ಒಪ್ಪಿದಳು. ಹಿರಿಯರೊಬ್ಬರು, "ಮುಗೀತಲ್ಲ, ಇನ್ನೇನ ಕೊಲಿ ಮಾಡೀರೇನ ನೀವು, ಉಣ್ರಿ ಎಲ್ಲಾರೂ ಕೂಡಿ" ಅಂದರು. ಊಟವಾಯಿತು. ತಂಗಿ ಪಾತ್ರೆ ಎತ್ತಿಕೊಂಡು ಒಳಗೆ ಹೋಗುವಾಗ ಬಾಗಿಲ ಕಡೆ ಒಮ್ಮೆ ನೋಡಿದಳು. ನನ್ನ ಚಪ್ಪಲಿ ಅಲ್ಲಿದ್ದವು. ಆ ವರ್ಷ ಕೊಂಡಿದ್ದ ಒಳ್ಳೆಯ ತೊಗಲಿನ ಚಪ್ಪಲಿ. ನೋಡಿ, ಭುಜ ಸಡಿಲ ಬಿಟ್ಟು ಒಳಗೆ ಹೋದಳು.

ಅವಳ ಅತ್ತೆ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದಳು. "ಬೀಗರ, ನೀವು ಹೊಂಡೂದಾದ್ರ ಈಗ ಹೊಂಡ್ರಿ. ಹೇಳಿದ್ರಂದ್ರ ನಿಮ್ಮ ಬೆನ್ನ ಹತ್ತಿ ಬರತಾಳ. ಮತ್ತ ಮೊದಲಿನಿಂದ ಸುರು. ನಿಮ್ಮ ತಂಗಿ ಹೆಂಡ್ತಿ ಆಗಿ ಬರಲಿಲ್ಲರಿ ನಮ್ಮ ಮನಿಗೆ, ಚಪ್ಲಿ ಕಾಯಾಕ ಬಂದಾಳ."

ನಾನು ಅವಳಿಗೆ ಬಯ್ಯಬಹುದಿತ್ತು. ನಾಲ್ಕು ದಿನ ಇರುತ್ತೇನೆ ಎಂದು ಮಾತು ಕೊಟ್ಟಿದ್ದೇನೆ ಅನ್ನಬಹುದಿತ್ತು. ಒಳಗೆ ಪಾತ್ರೆ ತೊಳೆಯುವ ಸಪ್ಪಳ ಬರುತ್ತಿತ್ತು. ನಾನು ಕೇಳಿದ್ದು ಒಂದೇ ಮಾತು. "ಹಿತ್ತಲ ಕಡೆ ಹಾದಿ ಐತೇನ್ರಿ?"

ಬಿಸಿಲು ಬಹಳ ಇತ್ತು. ಬರಿಗಾಲಲ್ಲಿ ಕಲ್ಲು ಹಾಸಿದ ಓಣಿ ದಾಟಿದೆ, ಡಾಂಬರು ಹಾದಿ ದಾಟಿದೆ. ಕಾಲು ಸುಟ್ಟರೂ ನಿಲ್ಲಲಿಲ್ಲ. ಸ್ಟ್ಯಾಂಡಿಗೆ ಬಂದಾಗ ಸವದತ್ತಿ ಬಸ್ಸು ಹೊರಡುವುದರಲ್ಲಿತ್ತು. ಹತ್ತಿ ಕುಳಿತೆ. ಮಗ್ಗುಲಲ್ಲಿದ್ದ ಮುದುಕ ನನ್ನ ಪಾದ ನೋಡಿದ.

"ಕಾಲಾಗ ಏನೂ ಇಲ್ಲಲ್ಲರಿ?"

"ಗುಡಿ ಮುಂದ ಬಿಟ್ಟಿದ್ದೆ. ಯಾರೋ ಒಯ್ದ್ರು."

"ಛಲೋ ಆತ ಬಿಡ್ರಿ" ಅಂದ ಮುದುಕ, ಸಮಾಧಾನ ಮಾಡುವ ದನಿಯಲ್ಲಿ. "ಗುಡಿ ಮುಂದ ಚಪ್ಲಿ ಹೋದ್ರ ಬೆನ್ನ ಹತ್ತಿದ ಪೀಡಾ ಹೋತು ಅಂತ ಲೆಕ್ಕ."

ನಾನು ತಲೆಯಾಡಿಸಿದೆ. ಒಳಗೆ ನಿಜವಾಗಿಯೂ ಹಗುರಾಗಿತ್ತು. ಇದನ್ನೇ ನಾನು ಇಲ್ಲಿಯವರೆಗೆ ಯಾರಿಗೂ ಹೇಳದೆ ಉಳಿಸಿಕೊಂಡದ್ದು. ಅಳು ಬರಲಿಲ್ಲ, ಮರುಕ ಬರಲಿಲ್ಲ. ಹಗುರಾಗಿತ್ತು. ಹತ್ತು ವರ್ಷದವನಿದ್ದಾಗ ಮುನವಳ್ಳಿಯಿಂದ ಬರುವಾಗ ಆಗುತ್ತಿತ್ತಲ್ಲ, ಹಾಗೆಯೇ.

ತಂಗಿ ಫೋನು ಮಾಡಲಿಲ್ಲ. ನಾನೂ ಮಾಡಲಿಲ್ಲ. ಮಗಳ ಆ ಸಂಬಂಧ ಕೂಡಿಬರಲಿಲ್ಲ, ಬೇರೆ ಯಾವುದೋ ಕಾರಣಕ್ಕೆ. ಒಂದು ವರ್ಷದ ಮೇಲೆ, ತಂಗಿ ರಾಮದುರ್ಗ ಬಿಟ್ಟು ಕಿತ್ತೂರಿನಲ್ಲಿದ್ದಾಳೆ, ಖಾನಾವಳಿಗಳಿಗೆ ರೊಟ್ಟಿ ಬಡಿದು ಕೊಡುತ್ತಾಳೆ ಎಂದು ಆ ಕಡೆ ಕೆಲಸಕ್ಕೆ ಹೋಗಿದ್ದ ಒಬ್ಬ ಗೌಂಡಿಯಿಂದ ತಿಳಿಯಿತು. ಗಂಡನನ್ನು ಬಿಟ್ಟ ಮೇಲೆ ಅವಳು ನನ್ನ ಮನೆಯ ಕಡೆ ಬಂದಿರಲಿಲ್ಲ. ಬೈಲಹೊಂಗಲದ ಮೇಲೆಯೇ ಹಾದು ಹೋಗಿರಬೇಕು.

ಆಗಲೂ ನಾನು ಹೋಗಲಿಲ್ಲ. ಹೋದದ್ದು ಈ ವರ್ಷ, ಮಗಳ ಮದುವೆ ನಿಶ್ಚಯವಾದ ಮೇಲೆ. ಮದುವಣಗಿತ್ತಿಗೆ ಮೊದಲ ಅರಿಷಿಣ ಹಚ್ಚಲು ಸೋದರತ್ತೆ ಬೇಕು. ಕಾರಣವಿಲ್ಲದೆ ಹೋಗುವ ಧೈರ್ಯ ನನಗೆ ಇರಲಿಲ್ಲ, ಕಾರಣವಿಟ್ಟುಕೊಂಡು ಹೋದೆ.

ಒಂದೇ ಕೋಣೆ, ಮುಂದೆ ತಗಡಿನ ಚಪ್ಪರ. ಚಪ್ಪರದ ಕೆಳಗೆ ಒಲೆ. ತಂಗಿ ರೊಟ್ಟಿ ಬಡಿಯುತ್ತಿದ್ದಳು. ಕೂದಲು ಅರ್ಧ ಬೆಳ್ಳಗಾಗಿತ್ತು. ನನ್ನನ್ನು ಕಂಡು ಕೈ ನಿಲ್ಲಿಸಲಿಲ್ಲ.

"ಬರ್ರಿ" ಅಂದಳು.

ಜೀವಮಾನದಲ್ಲಿ ಅವಳು ನನಗೆ ಬಹುವಚನ ಹಾಕಿದ್ದು ಅದೇ ಮೊದಲು. ಬಾ ಅಣ್ಣಾ ಅನ್ನುತ್ತಿದ್ದವಳು. ಇನ್ನೊಂದನ್ನೂ ಗಮನಿಸಿದೆ. ಅವಳು ನನ್ನ ಕಾಲು ನೋಡಲಿಲ್ಲ. ಚಪ್ಪಲಿ ಎಲ್ಲಿ ಬಿಟ್ಟೆ ಎಂದೂ ನೋಡಲಿಲ್ಲ.

ಚಹಾ ಮಾಡಿ ಕೊಟ್ಟು ಮತ್ತೆ ರೊಟ್ಟಿಗೆ ಕುಳಿತಳು. ನಾನು ಮದುವೆಯ ಮಾತು ತೆಗೆಯಲಿಲ್ಲ, ಮೊದಲು ಹೇಳದೆ ಬಂದ ತಪ್ಪನ್ನು ಹೇಳಿಬಿಡಬೇಕು ಎಂದುಕೊಂಡು, "ಅವತ್ತ ರಾಮದುರ್ಗದಾಗ ನಾ..." ಎಂದು ಶುರು ಮಾಡಿದೆ.

"ಚಪ್ಲಿ ಛಲೋ ಇದ್ದವರಿ ನಿಮ್ಮವು" ಅಂದಳು. "ಅವರಿಗೆ ಬರೋಬ್ಬರಿ ಕುಂತವು. ಹರಿಯೂ ತನಕ ಹಾಕ್ಕೊಂಡ್ರು."

ಅವರು ಅಂದರೆ ಅವಳ ಗಂಡ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

"ಬಾಗಲದಾಗ ಅವು ಇದ್ದಾಗ ಒಳಗ ಇರೂದು ನೀವೋ ಅವರೋ ಅಂತ ನನಗ ತಿಳೀತಿದ್ದಿಲ್ಲ. ಮುಂದ ನೋಡೂದ ಬಿಟ್ಟೆ. ಅದೊಂದ ಛಲೋ ಆತು ನೋಡ್ರಿ." ರೊಟ್ಟಿಯನ್ನು ಹೆಂಚಿಗೆ ಹಾಕಿ ಮೇಲೆ ನೀರು ಸವರಿದಳು. "ಮದವಿ ಯಾವಾಗ?"

"ನಿನಗ ಯಾರ ಹೇಳಿದ್ರು?"

"ಯಾರೂ ಹೇಳಿಲ್ಲ. ಸುಮ್ಮ ಬರೂ ಪೈಕಿ ಅಲ್ಲ ನೀವು."

ನಾನು ಮದುವೆಯ ದಿನ ಹೇಳಿದೆ. ಅರಿಷಿಣಕ್ಕೆ ನೀನೇ ಬರಬೇಕು ಅಂದೆ. ತಪ್ಪಾಯಿತು ಎಂದೂ ಅಂದೆ. ಆದರೆ ಕರೆಯಲು ಬಂದವನ ಬಾಯಲ್ಲಿ ಆ ಮಾತಿಗೆ ತೂಕ ಇರಲಿಲ್ಲ, ಕರೆಯುವುದಕ್ಕೆ ಬೇಕಾದಷ್ಟೇ ಇತ್ತು. ಅವಳು ಇನ್ನೊಂದು ಹಿಟ್ಟಿನ ಉಂಡೆ ತಟ್ಟತೊಡಗಿದಳು. ರೊಟ್ಟಿ ಬಡಿಯುವ ಸಪ್ಪಳದಲ್ಲಿ ಮುಂದಿನ ಮಾತು ಆಡಲು ಆಗಲಿಲ್ಲ.

ಏಳುವಾಗ ನಾನು ಅವಳ ಎದುರಿಗೆ ನಿಂತೆ. ಓಡಿಹೋಗಬೇಕು ಅನ್ನಿಸುತ್ತಿತ್ತು, ಆದರೂ ನಿಂತೆ. "ತಂಗೀ, ನಾ ಹೋಗತೇನಿ" ಅಂದೆ. ಸಣ್ಣವಳಿದ್ದಾಗ ಕದದ ಹತ್ತಿರ ಕುಳಿತು ಅವಳು ಕೇಳಿದ್ದ ಮಾತನ್ನು, ಕೇಳಿದ್ದ ಹಾಗೆಯೇ ಅಂದೆ.

"ಹೂಂ. ಹೋಗ್ರಿ" ಅಂದಳು. ಹಿಟ್ಟಿನಿಂದ ಕ‌ಣ್ಣು ಎತ್ತಲಿಲ್ಲ.

"ಮದವಿಗೆ ಬರತಿ ಅಲ್ಲ?"

"ಬರತೇನಿ."

ಹೊರಗೆ ಬಂದು ನೋಡಿದರೆ ನನ್ನ ಚಪ್ಪಲಿ ಹಾದಿಯ ಕಡೆ ಮುಖ ಮಾಡಿ ಜೋಡಿಸಿಟ್ಟಿದ್ದವು. ಚಹಾ ತರಲು ಎದ್ದಾಗ ಇಟ್ಟಿರಬೇಕು. ಕಾಲು ತೂರಿಸಿದರೆ ಸಾಕು, ನಡೆಯುವುದಷ್ಟೇ ಬಾಕಿ.

ಅರಿಷಿಣದ ದಿನ ಬೆಳಗ್ಗಿನಿಂದ ಮನೆ ತುಂಬ ಹೆಂಗಸರು. ಬಾಗಿಲಲ್ಲಿ ಚಪ್ಪಲಿಗಳ ರಾಶಿ. ನನಗೆ ನೂರು ಕೆಲಸ ಇದ್ದವು, ಆದರೂ ಅಡುಗೆಯವನು ಕೂಗಲಿ, ಪೆಂಡಾಲಿನವನು ಕೂಗಲಿ, ಹೋಗಿ ಬರುವಾಗಲೆಲ್ಲ ಬಾಗಿಲಲ್ಲಿ ನಿಂತು ಆ ರಾಶಿಯನ್ನು ನೋಡುತ್ತಿದ್ದೆ. ಹೊಸ ಜೋಡಿ ಕಂಡರೆ ಒಳಗೆ ಹೋಗಿ ಮುಖಗಳನ್ನು ಹುಡುಕಿ ಬರುತ್ತಿದ್ದೆ. ನನ್ನ ಹೆಂಡತಿ, "ಏನ್ ಹುಡುಕಾಕತ್ತೀರಿ ಅಲ್ಲಿ, ಯಾರ ಚಪ್ಲಿ ಕಳದೈತಿ?" ಎಂದು ಕೇಳಿದಳು. 

ಹೊತ್ತು ಮೀರುತ್ತದೆ ಎಂದು ಹಿರಿಯರು ಅವಸರ ಮಾಡಿದರು. ದೂರದ ಸಂಬಂಧದ ಒಬ್ಬ ಹೆಂಗಸನ್ನು ಸೋದರತ್ತೆಯ ಜಾಗದಲ್ಲಿ ಕೂರಿಸಿ ಅರಿಷಿಣ ಹಚ್ಚಿಸಿದರು. ಒಳಗೆ ಹೆಂಗಸರು ಹಾಡತೊಡಗಿದರು. ನಾನು ಬಾಗಿಲಲ್ಲೇ ಇದ್ದೆ. ಆ ರಾಶಿಯಲ್ಲಿ ತಂಗಿಯ ಚಪ್ಪಲಿ ಇದ್ದಿದ್ದರೂ ನನಗೆ ಗುರುತು ಸಿಗುತ್ತಿರಲಿಲ್ಲ. ಅವಳ ಕಾಲನ್ನು ನಾನು ಯಾವತ್ತೂ ನೋಡಿಲ್ಲ.